ಹಲ್ಲಿಗೆ ಹತ್ತಿದ ಕೆರೆಮಣ್ಣು

ಮೊನ್ನೆ ಶರಣಬಸವೇಶ್ವರ ಗುಡಿಯ ಹತ್ತಿರ ಕಮಲಾಪುರದ ಕೆಂಪು ಬಾಳೆಹಣ್ಣು ಕೊಂಡೆ. ಮನೆಗೆ ಬಂದು ಸಿಪ್ಪೆ ಸುಲಿದಾಗ ಎದ್ದ ಸಿಹಿ ವಾಸನೆಗೆ ನನ್ನ ನಾಲಿಗೆ ತನ್ನಷ್ಟಕ್ಕೆ ಮುಂದಿನ ಹಲ್ಲುಗಳ ಹಿಂದೆ ಹೋಗಿ ಮಣ್ಣು ಹುಡುಕಿತು. ಹಳೆಯ ಹೆದರಿಕೆಯೊಡನೆ ಕಾಕಾ ನೆನಪಾದರು...

ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಅವರು ನಮ್ಮ ಕಾಲೇಜಿನ ಪ್ರಯೋಗಾಲಯದ ಅಟೆಂಡರ್. ದಿನಾ ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದರು. ನಾನು ಆಗ ಕಲಬುರಗಿಯ ಕೆರೆಗಳ ಹೂಳಿನಲ್ಲಿ ಏನೇನು ಸೇರಿದೆ ಎಂದು ಪರೀಕ್ಷಿಸುತ್ತಿದ್ದ ವಿದ್ಯಾರ್ಥಿನಿ. ಹೂಳು ಮೇಲೆತ್ತಿದ ಕೂಡಲೇ ಅದು ಎಂಥ ಮಣ್ಣೆಂದು ಚೀಲದ ಮೇಲೆ ಬರೆಯಬೇಕಿತ್ತು. ಕಾಕಾ ಚಿಟಿಕೆಯಷ್ಟನ್ನು ಹಲ್ಲಿನ ನಡುವೆ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಕರಕರ ಎಂದರೆ ಸಣ್ಣ ಹರಳಿನ ಗೋಡುಮಣ್ಣು, ಬೆಣ್ಣೆಯಂತೆ ಜಾರಿದರೆ ಜೇಡಿಮಣ್ಣು. ಆಮೇಲೆ ಜರಡಿ ಹಿಡಿದು ನೋಡಿದರೂ ಅವರ ಮಾತು ಸುಳ್ಳಾಗುತ್ತಿರಲಿಲ್ಲ. ನನಗೂ ಕಲಿಸಿದರು. ಬಾಯಿ ಮುಕ್ಕಳಿಸಿದ ಮೇಲೆ ಕೆಂಪು ಬಾಳೆಹಣ್ಣು ಮುರಿದು ಅರ್ಧ ನನಗೆ ಕೊಡುತ್ತಿದ್ದರು. ದೊಡ್ಡ ವಿದ್ಯೆ ಕಲಿತವಳಂತೆ ನಾನು ಬೀಗುತ್ತಿದ್ದೆ.

ಮೊದಲ ಫಲಿತಾಂಶ ಬಂತು. ಹೂಳಿನಲ್ಲಿ ನರಗಳನ್ನು ಕೆಡಿಸುವ ಸೀಸವಿತ್ತು, ಇರಬಾರದಷ್ಟಿತ್ತು. ನಮ್ಮ ಪ್ರಾಧ್ಯಾಪಕರು ಕಾಗದ ನೋಡಿ, "ಎರಡನೇ ಸಲ ಮಾಡ್ರಿ. ಅಲ್ಲೀತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ" ಎಂದರು. ಕಾಕಾ ಎಷ್ಟು ವರ್ಷಗಳಿಂದ ಈ ಮಣ್ಣು ಬಾಯಿಗೆ ಹಾಕುತ್ತಿದ್ದಾರೆಂದು ಯೋಚಿಸಲೂ ಭಯವಾಯಿತು.

ಮರುದಿನ ಕೆರೆಯ ದಂಡೆಯಲ್ಲಿ ನಾನು ಹೂಳನ್ನು ಬಾಯಿಗೆ ಹಾಕಲಿಲ್ಲ. ಕಾಕಾ ಹಾಕಿದರು. ನಾನು ನೋಡುತ್ತ ನಿಂತೆ... ಹೀಗೆ ಎಂಟು ದಿನ. ಫಲಿತಾಂಶ ತಪ್ಪಾಗಿದ್ದರೆ ನಗೆಪಾಟಲಾದೇನೆಂಬ ಅಂಜಿಕೆ, ಸರಿಯಾಗಿದ್ದರೆ ಎಂಬ ಅದಕ್ಕಿಂತ ದೊಡ್ಡ ಅಂಜಿಕೆ. ಅಷ್ಟೂ ದಿನ ಕಾಕಾ ನನ್ನ ಚೀಲಗಳನ್ನೂ ಇಸಿದುಕೊಂಡು, "ನೀ ಬರಕೋ ತಂಗಿ, ನಾ ಹೇಳ್ತೀನಿ" ಎನ್ನುತ್ತಿದ್ದರು.

ಎರಡನೇ ಫಲಿತಾಂಶವೂ ಅದೇ ಬಂತು. ದಂಡೆಯಲ್ಲೇ ಅಳುತ್ತ ಎಲ್ಲ ಹೇಳಿಬಿಟ್ಟೆ.

"ನೀ ಬಾಯಾಗ ಹಾಕೋದು ಬಿಟ್ಟ ದಿವಸೇ ಮಣ್ಣಾಗ ಏನೋ ಕೆಟ್ಟದ್ದು ಅದ ಅಂತ ನಂಗ ಗೊತ್ತಾಗಿತ್ತು," ಎಂದರು ಕಾಕಾ. "ಚೀಲದ ಮ್ಯಾಲ ಬರೀಲಿಲ್ಲಂದ್ರ ಸರ್ ನಿಂಗ ಬೈತಿದ್ರು. ಸಣ್ಣಾಕಿ ಇದ್ದಿ, ನಿನ್ನ ಬಾಯಾಗ ಯಾಕ ಹೋಗಬೇಕು? ಅದಕ್ಕೇ ನಿನ್ನವೂ ನಾನೇ ನೋಡೀನಿ."

ರಕ್ತ ಪರೀಕ್ಷೆ ಮಾಡಿಸೋಣವೆಂದು ಬೇಡಿಕೊಂಡೆ. "ಗೊತ್ತಾಗಿ ಏನ್ ಮಾಡ್ಲಿ, ಬಿಡು" ಎಂದು ಬಾಯಿ ಮುಕ್ಕಳಿಸಲು ಹೋದರು.

ಅವರು ನಿವೃತ್ತರಾದ ಮೇಲೆ ಒಮ್ಮೆ ಕಮಲಾಪುರಕ್ಕೆ ಹೋಗಿದ್ದೆ. ಅವರ ಕೈ ನಡುಗಿ ಚಹಾ ಕಪ್ಪಿನಿಂದ ಬಸಿಗೆ ಚೆಲ್ಲುತ್ತಿತ್ತು. ಡಾಕ್ಟರು ವಯಸ್ಸು ಅಂದರಂತೆ. ವಯಸ್ಸೋ, ಮಣ್ಣೋ... ನನಗೆ ಇಂದಿಗೂ ತಿಳಿದಿಲ್ಲ. ಹೋದ ವರ್ಷ ಕಾಕಾ ತೀರಿಕೊಂಡರು.

ಈಗ ನಾನೂ ಪಾಠ ಹೇಳುತ್ತೇನೆ. ಕೈಗವಸಿಲ್ಲದೆ ಹೂಳಿನ ಚೀಲ ಮುಟ್ಟಲು ಯಾರನ್ನೂ ಬಿಡುವುದಿಲ್ಲ. ಮೇಡಂ ಪುಕ್ಕಲು ಎಂದು ಹುಡುಗಿಯರು ನಗುತ್ತಾರೆ, ನಗಲಿ. ಆ ಎಂಟು ದಿನಗಳ ಸಂಗತಿಯನ್ನು ಅವರಿಗೆ ಹೇಳಿಲ್ಲ.

ಮೊನ್ನೆ ಕಾಕಾ ಮಾಡುತ್ತಿದ್ದಂತೆ ಆ ಹಣ್ಣನ್ನು ಮುರಿದು ಎರಡು ಮಾಡಿದೆ. ನನ್ನ ಅರ್ಧವನ್ನೂ ತಿನ್ನಲಾಗಲಿಲ್ಲ.