ತಟ್ಟದ ಕುಂಡ
ಅತ್ತೆಯನ್ನು ಬೀದಿಯವರೆಲ್ಲ ‘ಬೀಜದಮ್ಮ’ ಎಂದೇ ಕರೆಯುವುದು. ನರ್ಸರಿಯಿಂದ ತಂದ ಗಿಡ ಅವರ ಕಣ್ಣಿಗೆ ಗಿಡವೇ ಅಲ್ಲ. ಪಾಳು ಸೈಟು, ರೈಲುಹಳಿ, ಬೇಲಿಸಾಲು ಅಲೆದು ಕಾಡುಹೂವಿನ ಬೀಜ ಆರಿಸುತ್ತಾರೆ, ಸಿಪ್ಪೆ ಗಟ್ಟಿಯಿದ್ದರೆ ಉಪ್ಪುಕಾಗದಕ್ಕೆ ತಿಕ್ಕುತ್ತಾರೆ, ಒದ್ದೆ ಮರಳಿನಲ್ಲಿ ಬೆರೆಸಿ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಮಲಗಿಸುತ್ತಾರೆ. ಸೊಸೆ ಗೊಣಗಿದರೆ, “ಚಳಿ ತಿನ್ನದೆ ಇವು ಏಳಲ್ಲ ಕಣೆ, ಮೊಂಡು ಜಾತಿ” ಎಂಬ ಉತ್ತರ ಸಿದ್ಧ. ಬಿತ್ತಿದ ಮೇಲಂತೂ ದಿನಾ ಬೆಳಿಗ್ಗೆ ಕುಂಡಗಳನ್ನು ಸಾಲಾಗಿ ತಟ್ಟಿ, “ಏಳ್ರೋ, ಹೊತ್ತು ನೆತ್ತಿಗೆ ಬಂತು” ಎಂದು ಗದರುತ್ತಾರೆ; ಅವೂ ಸ್ಕೂಲಿಗೆ ತಡವಾದ ಮಕ್ಕಳಂತೆ ದಡಬಡಿಸಿ ಏಳುತ್ತವೆ. ತುದಿಯ ಕುಂಡವೊಂದನ್ನು ಮಾತ್ರ ತಟ್ಟುವುದಿಲ್ಲ. ತೊಟ್ಟಿಲಲ್ಲೇ ಉಸಿರು ನಿಂತ ತಮ್ಮ ಹಿರಿಮಗನನ್ನು ಹೂತ ಮಣ್ಣಿನ ಮೇಲೆ ಆರಿಸಿದ ಬೀಜವಂತೆ ಅದರಲ್ಲಿರುವುದು. ಮೂವತ್ತು ವರ್ಷದಿಂದ ನೀರು ಚಿಮುಕಿಸಿ, “ಮಲಕ್ಕೋ ಕಂದ” ಎನ್ನುತ್ತಾರೆ. ಕಳೆದ ವಾರ ಅತ್ತೆ ತಂಗಿಯ ಮನೆಗೆ ಹೋದಾಗ ಕುಂಡಗಳು ಸೊಸೆಯ ಪಾಲಿಗೆ ಬಂದವು. ಕೈ ಓಡಿದ ಭರದಲ್ಲಿ ಅವಳು ಅದನ್ನೂ ತಟ್ಟಿ, “ಏಳೋ” ಎಂದುಬಿಟ್ಟಳು. ಮಾರನೆಯ ದಿನ ಅಲ್ಲೊಂದು ಮೊಳಕೆ! ಉಳಿದ ಸಸಿಗಳೆಲ್ಲ ಬಿಸಿಲಿನತ್ತ ಬಾಗಿದ್ದರೆ, ಇದೊಂದು ಬಿಸಿಲಿಗೆ ಬೆನ್ನು ಹಾಕಿ, ಬಾಗಿಲೊಳಗೆ ಅವಳ ಕೂಸು ಮಲಗಿದ್ದ ತೊಟ್ಟಿಲಿನತ್ತ ಬಾಗಿತ್ತು. ಕುಂಡ ತಿರುಗಿಸಿಟ್ಟರೂ ಸಂಜೆಗೆ ಮತ್ತೆ ಅತ್ತಲೇ. ಊರಿಂದ ಬಂದ ಅತ್ತೆ ಅದನ್ನು ನೋಡಿ ಬೈಯಲಿಲ್ಲ. “ಎಬ್ಬಿಸಿದೋಳು ನೀನು” ಎಂದರು, “ಇನ್ಮೇಲೆ ಮಲಗಿಸೋಳೂ ನೀನೇ.”