ಪಟ್ಟಿಯಲ್ಲಿಲ್ಲದ ಚಿಕ್ಕಮ್ಮ

ಏಳು ಲಾಡ್ಜು, ಎರಡು ಆಸ್ಪತ್ರೆಗಳಿಂದ ನಮ್ಮ ಲಾಂಡ್ರಿಗೆ ಬರುವ ಬಿಳಿ ಬೆಡ್‌ಶೀಟುಗಳೆಲ್ಲ ನನ್ನ ಕಣ್ಣಿಗೆ ಒಂದೇ. ಚಿಕ್ಕಮ್ಮ ಮಾತ್ರ ಅಂಚನ್ನು ಹೆಬ್ಬೆರಳಲ್ಲಿ ಸವರಿ, "ಇದು ಸ್ಟೇಷನ್ ಎದುರಿನ ಲಾಡ್ಜಿಂದು, ಇದು ಹೆರಿಗೆ ವಾರ್ಡಿಂದು" ಎಂದು ಎಡಕ್ಕೊಂದು ಬಲಕ್ಕೊಂದು ಎಸೆಯುತ್ತಾರೆ. ಗುರುತಿನ ದಾರ ಕಿತ್ತುಹೋಗಿದ್ದರೂ ತಪ್ಪುವುದಿಲ್ಲ. ಇಸ್ತ್ರಿ ಮೆಷಿನ್ನಿನ ರೋಲರ್ ಮುಂದೆ ಇಪ್ಪತ್ತಾರು ವರ್ಷ ನಿಂತವರು. ಬಲಗೈಯಲ್ಲೊಂದು ಉದ್ದನೆಯ ಸುಟ್ಟ ಕಲೆ ಇದೆ. ಕೇಳಿದರೆ, "ಮೆಷಿನ್ನಿಗೆ ನನ್ನ ಮೇಲೆ ಪ್ರೀತಿ ಜಾಸ್ತಿ" ಅನ್ನುತ್ತಾರೆ.

ಅವರು ನಮ್ಮಲ್ಲಿ ಯಾರಿಗೂ ಚಿಕ್ಕಮ್ಮ ಆಗಬೇಕಿಲ್ಲ. ಗಂಡ ತೀರಿಕೊಂಡ ವರ್ಷ ಕೆಲಸ ಕೇಳಿಕೊಂಡು ಬಂದವರು. ಹಿಂದೆ ಮುಂದೆ ಯಾರೂ ಇಲ್ಲ, ಇರುವುದು ಬಾಡಿಗೆಯ ಒಂದು ಕೋಣೆ. ಯಜಮಾನರು ಮೊದಲ ವಾರವೇ ಚಿಕ್ಕಮ್ಮ ಎಂದರು. ಆಮೇಲೆ ಬಟ್ಟೆ ತರುವ ಗಾಡಿಯವನವರೆಗೆ ಎಲ್ಲರೂ ಹಾಗೇ ಕರೆದರು. ಯಜಮಾನರ ಹೆಂಡತಿಗೆ ಮಗುವಾದಾಗ ಒಂದು ತಿಂಗಳು ಅವರ ಮನೆಯಲ್ಲೇ ಇದ್ದು ಬಂದರು.

ಯಜಮಾನರಿಗೆ ನಾವು ಇಟ್ಟ ಹೆಸರು 'ನೋಡೋಣ'. ರಜೆ ಕೇಳಿದರೂ ನೋಡೋಣ, ಸಂಬಳ ಹೆಚ್ಚಿಸಿ ಎಂದರೂ ನೋಡೋಣ, ಛಾವಣಿ ಸೋರುತ್ತಿದೆ ಎಂದರೆ ತಲೆ ಎತ್ತಿ ಒಂದು ಸಲ ನೋಡಿ, ನೋಡೋಣ. ಹಾಗಂತ ಕೆಟ್ಟವರಲ್ಲ. ಕೆಟ್ಟ ಕೆಲಸ ಮಾಡಿದವನು ನಾನು, ಅಲ್ಲಿನ ಗುಮಾಸ್ತ.

ಚಿಕ್ಕಮ್ಮನನ್ನು ಮೊದಲು ಹಂಗಾಮಿಯಾಗಿ ಇಟ್ಟುಕೊಂಡಿದ್ದರಿಂದ ಯಜಮಾನರು ಅವರ ಸಂಬಳವನ್ನು ಡ್ರಾಯರಿನಿಂದ ತೆಗೆದು ಕೈಗೇ ಕೊಡುತ್ತಿದ್ದರು. ಮೂರು ತಿಂಗಳಾದ ಮೇಲೆ ಸಂಬಳದ ಪುಸ್ತಕದಲ್ಲಿ ಹೆಸರು ಸೇರಿಸುವುದು ನನ್ನ ಕೆಲಸ. ಸೇರಿಸಲಿಲ್ಲ. ಮುಂದಿನ ಸಂಬಳದ ದಿನ ಎಲ್ಲರೂ ಸಾಲಾಗಿ ಬಂದು ಸಹಿ ಹಾಕುತ್ತಿರುವಾಗ ಅವರು ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ಕೇಳಿದರು.

"ತಮ್ಮಾ, ನನ್ನ ಹೆಸರು ಪುಸ್ತಕದಲ್ಲಿಲ್ವಾ?"

ನಾನು ತಲೆ ಕೂಡ ಎತ್ತಲಿಲ್ಲ. "ನೀವು ಮನೆಯವರಲ್ವಾ ಚಿಕ್ಕಮ್ಮ? ಮನೆಯವರ ಹೆಸರನ್ನ ಯಾರಾದ್ರೂ ಕೂಲಿ ಪಟ್ಟೀಲಿ ಬರೀತಾರಾ?"

ಆಮೇಲೆ ತಲೆ ಎತ್ತಿ ಅವರನ್ನು ನೋಡಿದೆ. ಮುಖ ಅರಳಿತ್ತು. ಮರುದಿನದಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದರು: "ನಂದು ಪಟ್ಟೀಲಿಲ್ಲಪ್ಪ, ನಾನು ಮನೆಯವಳು." ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ಮಾತು ಎಲ್ಲಿಗೂ ಹೋಗಲಿಲ್ಲ. ಇಷ್ಟು ವರ್ಷ ಲಾಂಡ್ರಿಯಲ್ಲೇ ಓಡಾಡಿಕೊಂಡಿತ್ತು.

ಈ ವರ್ಷ ತೆರಿಗೆಯವರು ಹೊಸ ನಿಯಮ ತಂದರು. ಮೊದಲೆಲ್ಲ ವರ್ಷಕ್ಕೊಮ್ಮೆ ಒಟ್ಟು ಸಂಬಳ, ಒಟ್ಟು ತೆರಿಗೆ ಎಂದು ಒಂದು ಕಾಗದ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಇನ್ನು ಮೇಲೆ ತಿಂಗಳು ತಿಂಗಳೂ ಒಬ್ಬೊಬ್ಬರ ಹೆಸರು, ಸೇರಿದ ದಿನ, ಸಂಬಳ, ಹಿಡಿದ ತೆರಿಗೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕಳಿಸಬೇಕು. ಸಣ್ಣ ವ್ಯಾಪಾರದವರಿಗೆಂದು ಅರ್ಧ ದಿನ ತರಬೇತಿ ಇಟ್ಟರು. ತಲೆ ನರೆತ ಕಾಲದಲ್ಲಿ ಮೊದಲ ಬೆಂಚಿನಲ್ಲಿ ಕೂತು ನೋಟ್ಸ್ ಬರೆದುಕೊಂಡೆ.

ಪಾಠ ಹೇಳಿದ ಮೇಡಂ ಅಂದರು: "ಮನೆಯವರು ಅಂದ್ರೆ ಗಂಡ, ಹೆಂಡತಿ, ಮಕ್ಕಳು, ಅಪ್ಪ, ಅಮ್ಮ. ಅಷ್ಟೇ. ಪ್ರೀತಿಯಿಂದ ಮನೆಯವರು ಅಂತ ಕರೆದು ಯಾರನ್ನಾದ್ರೂ ಪಟ್ಟಿಯಿಂದ ಬಿಟ್ಟಿದ್ರೆ ಈಗ್ಲೇ ಸೇರಿಸಿ." ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಬಗ್ಗಿ ಪೆನ್ನಿನ ಮುಚ್ಚಳ ಹುಡುಕಿದೆ.

ಬಿಟ್ಟುಹೋದ ವರ್ಷಗಳನ್ನು ಈ ತಿಂಗಳ ಕೊನೆಯೊಳಗೆ ಸೇರಿಸಿದರೆ ದಂಡವಿಲ್ಲ; ಯಜಮಾನರೂ ಕೆಲಸದವರೂ ಇಬ್ಬರೂ ಸಹಿ ಹಾಕಬೇಕು. ಅರವತ್ತಕ್ಕೆ ಸರ್ಕಾರದ ಪಿಂಚಣಿ ಸಿಗುವುದೂ ಇದೇ ಪಟ್ಟಿಯ ಮೇಲೆ; ಅದರಲ್ಲಿ ಹದಿನೈದು ವರ್ಷ ಇರಬೇಕು. ಚಿಕ್ಕಮ್ಮನಿಗೆ ಆಗಲೇ ಐವತ್ತೇಳು. ಇವತ್ತಿನಿಂದ ಸೇರಿಸಿದರೆ ಅವರಿಗೆ ಬಿಡಿಗಾಸೂ ಇಲ್ಲ.

ಯಜಮಾನರು ನೋಡೋಣ ಅನ್ನುತ್ತಾರೆಂದು ಜಗಳಕ್ಕೆ ಸಿದ್ಧನಾಗೇ ಹೋದೆ. ಅವರು ಕಾಗದವನ್ನು ಎರಡು ಸಲ ಓದಿ, "ಇಷ್ಟು ವರ್ಷ ನಾವು ಹೀಗೆ ಮಾಡಿದ್ವಾ?" ಎಂದು ಸಹಿ ಹಾಕಿಬಿಟ್ಟರು. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಅವತ್ತು ಕೇಳಿದ್ದರೂ ಹಾಕುತ್ತಿದ್ದರೇನೋ. ನಾನು ಕೇಳಿಯೇ ಇರಲಿಲ್ಲ.

ಒಪ್ಪದವರು ಚಿಕ್ಕಮ್ಮ. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು: "ಮಾಲೀಕರೊಂದಿಗೆ ನನಗೆ ಯಾವುದೇ ಸಂಬಂಧ ಇರುವುದಿಲ್ಲ. ಕೂಲಿಗಾಗಿ ದುಡಿದಿರುತ್ತೇನೆ." ಮಡಚಿ ವಾಪಸು ಕೊಟ್ಟರು. "ಇದಕ್ಕೆ ನಾನು ಸಹಿ ಹಾಕಲ್ಲ."

"ಪಿಂಚಣಿ ಬರುತ್ತೆ ಚಿಕ್ಕಮ್ಮ."

"ಬರದಿದ್ರೆ ಬೇಡ. ಆ ಮಗೂನ ಎತ್ತಿ ಆಡಿಸಿದ್ದು ಕೂಲಿಗಾ?"

ಸರ್ಕಾರದ ಭಾಷೆಯೇ ಹಾಗೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಯಜಮಾನರೇ ಬಂದು ಹೇಳಿದರು. "ನೀನು ಸುಮ್ನಿರು" ಎಂದು ಚಿಕ್ಕಮ್ಮ ಅವರ ಬಾಯಿಯನ್ನೂ ಮುಚ್ಚಿಸಿದರು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಕೊನೆಯ ದಿನ ಬಂತು. ಅವರ ಮುಪ್ಪು ನನ್ನ ಜೇಬಿನಲ್ಲಿದ್ದ ಆ ಒಂದು ಹಾಳೆಯ ಮೇಲೆ ನಿಂತಿತ್ತು, ಮತ್ತು ಅದನ್ನು ತಡೆದಿದ್ದು ನಾನೇ ಆಡಿದ ಮಾತು.

ಮಧ್ಯಾಹ್ನ ರೋಲರ್ ಹತ್ತಿರ ಹೋಗಿ ಅವರು ಮಡಚುತ್ತಿದ್ದ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದೆ.

"ಚಿಕ್ಕಮ್ಮ, ಮನೆಯವರು ಅಂತ ಅವತ್ತು ಯಜಮಾನ್ರು ಹೇಳಿರ್ಲಿಲ್ಲ. ಅದು ನಾನು ಬಾಯಿಗೆ ಬಂದ ಹಾಗೆ ಹೇಳಿದ ಸುಳ್ಳು."

ಅವರ ಕೈ ನಿಂತಿತು. "ಮತ್ಯಾಕೆ ಬರೀಲಿಲ್ಲ?"

ಏನಾದರೂ ದೊಡ್ಡ ಕಾರಣ ಇರಬಾರದಿತ್ತೇ ಅನಿಸಿತು. ಯಾರದಾದರೂ ಒತ್ತಾಯ, ಯಾರದಾದರೂ ಹೆದರಿಕೆ. ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆ.

"ಪುಟದಲ್ಲಿ ಹನ್ನೆರಡೇ ಸಾಲು ಇತ್ತು. ಹನ್ನೆರಡು ಜನ ಆಗ್ಲೇ ಇದ್ರು. ನಿಮ್ಮನ್ನ ಸೇರಿಸಿದ್ರೆ ಪ್ರತಿ ತಿಂಗಳೂ ಇನ್ನೊಂದು ಪುಟಕ್ಕೆ ಗೆರೆ ಎಳೀಬೇಕಿತ್ತು. ಬೇಜಾರಾಯ್ತು."

"ಗೆರೆ ಎಳೆಯೋಕೆ?"

"ಹೂಂ."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ನನ್ನ ಕೈಯಿಂದ ಬೆಡ್‌ಶೀಟಿನ ತುದಿ ಬಿಡಿಸಿಕೊಂಡು, ಒಬ್ಬರೇ ಎದೆಗಾನಿಸಿ ಮಡಚಿ ಮುಗಿಸಿದರು. ಕಾಗದ ಈಸಿಕೊಂಡು, ಆ ಬಿಸಿ ಬಟ್ಟೆಯ ಮೇಲೇ ಇಟ್ಟು, ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಸಂಜೆಯೊಳಗೆ ಕಳಿಸಿದೆ. ಇಪ್ಪತ್ತಾರು ವರ್ಷವೂ ಸೇರಿತು.

ಆ ತಿಂಗಳ ಸಂಬಳದ ದಿನ ಅವರು ಎಲ್ಲರ ಹಿಂದೆ ಸಾಲಿನಲ್ಲಿ ನಿಂತಿದ್ದರು. ಸರದಿ ಬಂದಾಗ ನಾನು ಎದ್ದು ನಿಂತು, "ಬನ್ನಿ ಚಿಕ್ಕಮ್ಮ" ಎಂದೆ.

ಅವರು ನಿಂತಲ್ಲಿಂದ ಕದಲಲಿಲ್ಲ. "ಪಟ್ಟೀಲಿ ಏನು ಬರೆದಿದ್ಯೋ ಹಾಗೇ ಕರಿ" ಎಂದರು.

ಹೆಸರು ಹಿಡಿದು ಕರೆದೆ. ಅವರು ಮುಂದೆ ಬಂದು ಸಹಿ ಹಾಕಿದರು.