ತಿಳಿಯಾಗದ ನೀರು

ಅಂತರಸನಹಳ್ಳಿಯ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ನಮ್ಮ ಮನೆಯವರ ಕೆಲಸ. ಕಲ್ಲು ತೇಯ್ದ ಬೂದಿ ಬಣ್ಣದ ರಾಡಿ ಅವರ ಪ್ಯಾಂಟಿನ ಮಡಿಕೆಯಲ್ಲಿ ಕೂತು, ಮರಳೂರಿನ ನಮ್ಮ ಬಚ್ಚಲಿನ ತನಕ ಬರುತ್ತಿತ್ತು. ಅವರು ಮಠದ ಭಕ್ತರ ಜೊತೆ ಕೇದಾರಕ್ಕೆ ಹೋದಾಗ, ಬಕೆಟ್ಟಿನ ತಳ ಚೊಕ್ಕಟವಾಗಿರುವುದೂ ಶಿವನ ಒಂದು ಕೃಪೆ ಅಂದುಕೊಂಡೆ.

ಅಲ್ಲಿಂದ ಫೋನ್ ಮಾಡಿದಾಗ ದರ್ಶನದ ಮಾತಿಗಿಂತ ಕಲ್ಲಿನ ಮಾತೇ ಹೆಚ್ಚು. ಗುಡಿಯ ಹಿಂದೆ, ಕಣಿವೆಯ ಎರಡೂ ಪಕ್ಕ, ಬಂಡೆ, ಜಲ್ಲಿ, ಪುಡಿ ಎಲ್ಲ ಬೆರೆತ ಉದ್ದನೆಯ ದಿಬ್ಬಗಳಿವೆಯಂತೆ. ಅದನ್ನೆಲ್ಲ ಹೊತ್ತು ತಂದದ್ದು ಹಿಮನದಿ ಎಂದು ಅಲ್ಲಿನ ಟೀ ಅಂಗಡಿಯವನು ಹೇಳಿದನಂತೆ. ಮಂಜುಗಡ್ಡೆ ತನ್ನ ಅಡಿಯಲ್ಲಿ ಕಲ್ಲು ಕಚ್ಚಿಕೊಂಡು, ನಿಧಾನವಾಗಿ ಜಾರುತ್ತಾ ಬೆಟ್ಟವನ್ನೇ ತೇಯುತ್ತದಂತೆ.

“ನಮ್ಮ ಮಿಷನ್ ಥರಾನೇ ಕಣೇ. ಆಪರೇಟರ್ ಮಾತ್ರ ಶಿವ. ಓಟಿ ಕೇಳಲ್ಲ, ರಜಾನೂ ಕೇಳಲ್ಲ.”

ಹಿಮ ಈಗ ಹಿಂದೆ ಸರಿದಿದೆ, ದಿಬ್ಬಗಳಿಗೆ ಆನಿಕೊಳ್ಳಲು ಏನೂ ಉಳಿದಿಲ್ಲ, ಜೋರು ಮಳೆ ಬಂದರೆ ಕುಸಿಯುತ್ತವೆ ಎಂದೂ ಹೇಳಿದರು. ನನ್ನ ಗಮನ ಒಲೆ ಮೇಲಿನ ಹಾಲಿನ ಕಡೆಗಿತ್ತು. ಹೂಂ ಅಂದೆ.

ಅವರು ಅಲ್ಲಿನ ದಾಸೋಹದಲ್ಲಿ ಕೈಜೋಡಿಸಲು ಉಳಿದುಕೊಂಡರು. ಮಂಡಿ ನೋವೆಂದು ಮೊದಲೇ ಹೊರಟ ಬೆಳ್ಳಾವಿಯ ಅಕ್ಕನೊಬ್ಬರ ಕೈಯಲ್ಲಿ ಒಂದು ಬಾಟಲಿ ಹೊಳೆ ನೀರು ಕಳಿಸಿದರು, ಹಿಮನದಿಯಿಂದ ಇಳಿದ ಬೂದಿ ಬಣ್ಣದ ನೀರು. ಆಕೆ ನೀರು ತಂದುಕೊಟ್ಟ ಬೆಳಿಗ್ಗೆಯೇ ಟಿವಿಯಲ್ಲಿ ಬಂತು: ಮೇಲೆ ಮಳೆ, ದಿಬ್ಬ ಕುಸಿದಿದೆ, ದಾರಿ ಕೊಚ್ಚಿಹೋಗಿದೆ. ಇವರ ಫೋನ್ ಸ್ವಿಚ್ ಆಫ್. ಜೊತೆಗಿದ್ದವರದ್ದೂ ಅದೇ.

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸದೆ ನಮ್ಮ ಮನೆಯಲ್ಲಿ ಯಾರೂ ಅನ್ನ ಮುಟ್ಟುವುದಿಲ್ಲ. ಪೂಜೆಯ ನೀರನ್ನು ಬಟ್ಟೆಯಲ್ಲಿ ಸೋಸಲೇಬೇಕು. ಆ ಬೂದಿ ನೀರನ್ನು ಗಾಜಿನ ಜಾಡಿಗೆ ಸೋಸಿದೆ. ಬಟ್ಟೆಯಲ್ಲಿ ಏನೂ ನಿಲ್ಲಲಿಲ್ಲ, ನೀರೂ ತಿಳಿಯಾಗಲಿಲ್ಲ. ನಮ್ಮ ಬೋರ್‌ವೆಲ್ ಕೆಸರು ಬೆಳಿಗ್ಗೆ ಇಟ್ಟರೆ ಸಂಜೆಗೆ ತಳ ಸೇರುತ್ತದೆ. ಇದೂ ಹಾಗೇ ಎಂದು ನಂಬಿ ಹರಕೆ ಹೊತ್ತುಬಿಟ್ಟೆ. ಶಿವನೇ, ಈ ನೀರು ತಿಳಿಯಾಗಲಿ, ಇದರಲ್ಲೇ ನಿನಗೆ ಅಭಿಷೇಕ ಮಾಡುತ್ತೇನೆ, ಅಲ್ಲಿಯವರೆಗೆ ಪೂಜೆಯೂ ಇಲ್ಲ ಊಟವೂ ಇಲ್ಲ, ಅವರ ದನಿ ಕೇಳಿಸು.

ಸಂಜೆಗೂ ಅದು ಹಾಗೇ ಇತ್ತು. ಮಾರನೆಯ ದಿನವೂ. ಜಾಡಿ ಅಲುಗೀತೆಂದು ಮಿಕ್ಸಿ ಹಾಕಲಿಲ್ಲ, ಆ ಕಡೆ ಯಾರನ್ನೂ ಓಡಾಡಲು ಬಿಡಲಿಲ್ಲ. ಕೃಪೆಗಳನ್ನು ಎಣಿಸಲು ಕೂತೆ: ಕರೆಂಟ್ ಇದೆ, ಫೋನ್ ಚಾರ್ಜ್ ಇದೆ, ಅತ್ತೆ ಗಟ್ಟಿಯಾಗಿದ್ದಾರೆ. ಮುಂದಕ್ಕೆ ಏನೂ ಸಿಗಲಿಲ್ಲ. ನೀರು ತಿಳಿಯಾಗದಿದ್ದರೆ ಅವರು ಇಲ್ಲವೆಂದೇ ಲೆಕ್ಕ ಎಂಬ ಯೋಚನೆ ಬಂತು. ಆಮೇಲೆ ಆ ಬಟ್ಟೆ, ಆ ಜಾಡಿ, ಎಲ್ಲವನ್ನು ಕಂಡರೂ ಭಯ ಶುರುವಾಯಿತು.

ಅತ್ತೆ ಗೋಗರೆದರು. ಹೆತ್ತ ಮಗನ ಚಿಂತೆಯಲ್ಲೂ ಆಕೆಯ ಬಾಯಿ ಸುಮ್ಮನಿರಲಿಲ್ಲ. “ನಲ್ಲಿ ನೀರಲ್ಲೇ ಪೂಜೆ ಮಾಡಿ ಒಂದು ತುತ್ತು ತಿನ್ನಮ್ಮ. ಅವನು ಬಂದಾಗ ಬಾಗಿಲು ತೆಗೆಯಕ್ಕಾದ್ರೂ ಒಬ್ರು ಬೇಕಲ್ಲ.”

ಶಿವನಿಗೆ ಕೊಟ್ಟ ಮಾತು ಎಂದೆ. ನಿಂತರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು.

ಯಾರದೋ ನಂಬರಿನಿಂದ ಫೋನ್ ಬಂತು. “ಇದೀನಿ ಕಣೇ. ದಾಸೋಹದ ಶೆಡ್ಡಲ್ಲಿ ಇದೀವಿ ಎಲ್ರೂ. ಊಟ ಆಯ್ತಾ?”

ಅಳುತ್ತಲೇ ಹರಕೆಯ ವಿಷಯ ಹೇಳಿದೆ.

“ಅದು ಸುಲಭಕ್ಕೆ ತಿಳಿಯಾಗಲ್ಲ ಕಣೇ. ಮಂಜುಗಡ್ಡೆ ಅರೆದಿರೋ ಕಲ್ಲಿನ ಹಿಟ್ಟು ಅದು, ನಮ್ಮ ಮಿಷನ್ನೂ ಅಷ್ಟು ನುಣ್ಣಗೆ ಅರೆಯಲ್ಲ. ಹಾಗೇ ಸುರಿ. ಊಟ ಮಾಡು.”

“ಯಾವಾಗ ಬರ್ತೀರ ರೀ?”

“ದಾರಿ ಎಲ್ಲೈತೆ? ಕಲ್ಲು ತೆಗೆದಷ್ಟೂ ಮೇಲಿಂದ ಬೀಳ್ತಾನೇ ಐತೆ.” ಲೈನ್ ಕಡಿಯಿತು.

ಅವರು ಮನೆ ಸೇರಿದ್ದು ಆಮೇಲಿನ ಮಾತು. ಆ ಹೊತ್ತಿಗೆ ನನ್ನ ಪಾಲಿಗಿದ್ದದ್ದು ಆ ದನಿ, ಈ ನೀರು. ಲಿಂಗವನ್ನು ಅಂಗೈಗೆ ತೆಗೆದುಕೊಂಡು, ಕದಡಿದ ನೀರನ್ನೇ ಎರೆದೆ. ಕಪ್ಪು ಲಿಂಗದ ಮೇಲೆ ಬೂದಿ ಬಣ್ಣದ ತೆಳು ಪೊರೆ ನಿಂತಿತು. ದಿನಾ ಒರೆಸುವ ಬಟ್ಟೆ ಪಕ್ಕದಲ್ಲೇ ಇತ್ತು. ಈ ಹಿಟ್ಟು ಯಾವ ಬೆಟ್ಟದ್ದೋ ಅದೇ ಬೆಟ್ಟದ ಕೆಳಗೆ ಅವರು ಇನ್ನೂ ಕೂತಿದ್ದರು. ಒರೆಸಲು ಕೈ ಬರಲಿಲ್ಲ. ಅತ್ತೆ ತಟ್ಟೆಗೆ ಅನ್ನ ಬಡಿಸಿ ಪಕ್ಕದಲ್ಲಿ ಕೂತರು.